ಕೊಕ್ಕರೆ ಎತ್ತಿದ ತೂಬು

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಕಟ್ಟಿದವರು ಮಲ್ಲಿಕಾರ್ಜುನನನ್ನು ಕಂಡಿರಲಿಲ್ಲ. ಶಿಕಾರಿಪುರದ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದ ಅವನಿಗೆ ಮಾತು ಬೇಕಾದಷ್ಟು ಬರುತ್ತಿತ್ತು. ಜಗಳವೂ ಆ ಮಾತಿನ ಬೆನ್ನು ಹಿಡಿದೇ ಬಂದಿತ್ತು. ಹೆಂಡತಿ ಚೈತ್ರಶ್ರೀ ಮಗಳನ್ನು ಕರೆದುಕೊಂಡು ಆನವಟ್ಟಿಯ ತವರಿಗೆ ಹೋಗಿ ಎರಡು ತಿಂಗಳಾಗಿತ್ತು.

ಅವನು ಕುಡಿಯುವವನಲ್ಲ, ಕೈಯೆತ್ತುವವನಲ್ಲ. ಇದ್ದದ್ದು ಒಂದೇ ಚಟ. ನಾಲ್ಕು ಜನರ ನಡುವೆ ಹೆಂಡತಿ ಏನಾದರೂ ಹೇಳಲು ಬಾಯಿ ತೆರೆದರೆ, ತಾಳು, ನೀನು ಬುಡ ಬಿಟ್ಟು ತುದಿ ಹಿಡೀತೀಯ ಎಂದು ಮಾತನ್ನು ಕಸಿದುಕೊಂಡು ತಾನೇ ಹೇಳುತ್ತಿದ್ದ. ಅವಳು ಸ್ಕೂಟರ್ ಕಲಿಯಲು ಹೋಗಿ ಹುಲ್ಲಿನ ಬಣವೆಗೆ ನುಗ್ಗಿದ್ದನ್ನು ಅವನ ಬಾಯಲ್ಲೇ ಕೇಳಬೇಕು. ಮೊದಮೊದಲು ಅವಳೂ ನಗುತ್ತಿದ್ದಳು. ಕೊನೆಗೊಂದು ದಿನ ನೆಂಟರ ಮನೆಯ ಗೃಹಪ್ರವೇಶದಲ್ಲಿ, ಶಿಕ್ಷಕರ ಪರೀಕ್ಷೆಯಲ್ಲಿ ಅವಳು ಮತ್ತೊಮ್ಮೆ ಫೇಲಾದ ಸಂಗತಿಯನ್ನು ಹಾಲ್ ಟಿಕೆಟ್ ಹುಡುಕಾಟದಿಂದ ಶುರುಮಾಡಿ ರಸವತ್ತಾಗಿ ಹೇಳಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಸಂಗತಿಯನ್ನು ಅವಳು ಗಂಡನಿಗೆ ಬಿಟ್ಟು ಇನ್ನಾರಿಗೂ, ಹೆತ್ತ ತಾಯಿಗೂ ಹೇಳಿರಲಿಲ್ಲ. ಮರುದಿನ ಬೆಳಿಗ್ಗೆಯೇ ಅವಳು ಆನವಟ್ಟಿಯ ಬಸ್ಸು ಹತ್ತಿದಳು.

ಮನೆ ಬಿಕೋ ಎನ್ನುತ್ತಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಮಗಳು ಗಂಗಾಶ್ರೀಗೆ ಫೋನ್ ಮಾಡುವುದೊಂದೇ ಅವನ ಪಾಲಿಗೆ ಉಳಿದ ಸುಖ. ಅಮ್ಮ ಹೇಗಿದ್ದಾಳೆ ಎಂದು ಕೇಳಲು ಅಳುಕು. ಹಾಗಾಗಿ ತಂದೆ ಮಗಳಿಬ್ಬರೂ ಒಂದು ಅನಿಮೇಷನ್ ಸಿನಿಮಾದ ಮಾತಾಡುತ್ತಿದ್ದರು. ಆ ವರ್ಷ ಮಕ್ಕಳಿದ್ದ ಮನೆಯಲ್ಲೆಲ್ಲ ಅದೇ ಸಿನಿಮಾ. ಒಂದು ನೀರುನಾಯಿ ಮರಿ, ಅದರ ಹಳ್ಳ ಬತ್ತಿಹೋಗುತ್ತದೆ. ನೀರು ಹುಡುಕಿಕೊಂಡು ಮರಿ ಗುಡ್ಡ ಹತ್ತುತ್ತದೆ. ದಾರಿಯಲ್ಲಿ ಆಮೆಯೊಂದು ಬುದ್ಧಿ ಹೇಳಿ ಕಳಿಸುತ್ತದೆ, ಏಡಿಯೊಂದು ಜೊತೆಯಾಗುತ್ತದೆ. ಗುಡ್ಡದ ಮೇಲಿನ ಕೆರೆಯ ತೂಬಿನ ಮೇಲೆ ಮುದಿ ಕೊಕ್ಕರೆಯೊಂದು ಕೂತಿರುತ್ತದೆ. ನೀರು ತಡೆದದ್ದು ಅದೇ ಎಂದು ಮರಿ ಅದರ ಮೇಲೆ ಹಾರಿ ಬೀಳುತ್ತದೆ, ಕೊಕ್ಕರೆ ಹಾರಿಹೋಗುತ್ತದೆ, ನೀರು ಧುಮ್ಮಿಕ್ಕುತ್ತದೆ, ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಾರೆ.

ಮಲ್ಲಿಕಾರ್ಜುನ ಈ ಸಿನಿಮಾಕ್ಕೆ ಕಥನಶಾಸ್ತ್ರವನ್ನು ಹಚ್ಚಿ ವಿಚಾರ ಸಂಕಿರಣಕ್ಕೆ ಒಂದು ಪ್ರಬಂಧ ಬರೆಯುತ್ತಿದ್ದ. ಯಾವ ದೇಶದ ಕಥೆಯಾದರೂ ಒಳಗಿನ ಹಂದರ ಒಂದೇ ಎಂದು ಮಗಳಿಗೆ ಫೋನಿನಲ್ಲೇ ಪಾಠ ಹೇಳುತ್ತಿದ್ದ. ಮೊದಲು ಒಂದು ಕೊರತೆ, ಆಮೇಲೆ ಮನೆ ಬಿಟ್ಟು ಹೊರಡುವುದು, ಪರೀಕ್ಷೆ, ಕಾಳಗ, ಗೆಲುವು. ಪಾತ್ರಗಳೂ ಅಷ್ಟೇ, ನಾಯಕನೊಬ್ಬ, ನೆರವಾಗುವವರು, ಅಡ್ಡ ನಿಲ್ಲುವ ಕೇಡಿಗನೊಬ್ಬ. ಕೇಡಿಗ ಇಲ್ಲದಿದ್ದರೆ ಕಥೆ ಮುಂದಕ್ಕೆ ಹೋಗುವುದೇ ಇಲ್ಲ ಎನ್ನುತ್ತಿದ್ದ. ನಾಲ್ಕನೇ ಕ್ಲಾಸಿನ ಹುಡುಗಿ ಹೂಂಗುಟ್ಟುತ್ತಿದ್ದಳು.

ಎರಡೂ ಕಡೆಯ ಹಿರಿಯರು ರಾಜಿಗೆ ಕೂರುವುದು ಭಾನುವಾರ ಎಂದು ನಿಶ್ಚಯವಾಗಿತ್ತು. ಶನಿವಾರ ಫೋನ್ ಮಾಡಿದಾಗ ಗಂಗಾಶ್ರೀ ಒಂದು ತಕರಾರು ತೆಗೆದಳು.

"ಅಪ್ಪಾಜಿ, ಮರಿ ಮೇಲೆ ಹತ್ತೋಕೆ ಮುಂಚೇನೇ ತೂಬಿನ ಕೆಳಗೆ ಕಲ್ಲೆಲ್ಲ ಒದ್ದೆ ಆಗಿರ್ತೈತಿ. ನೀರು ಬರ್ತಿರ್ತೈತಿ. ಕೊಕ್ಕರೇನೇ ತೂಬು ಎತ್ತಿರ್ತೈತಿ ಅನ್ಸುತ್ತೆ."

ಮಲ್ಲಿಕಾರ್ಜುನ ನಕ್ಕುಬಿಟ್ಟ. ಅದು ಚಿತ್ರ ಬರೆದವರ ಅಜಾಗರೂಕತೆ ಇರಬೇಕು ಎಂದ. ಕೊಕ್ಕರೆ ತಾನಾಗಿ ತೂಬು ಎತ್ತಿದರೆ ಕಾಳಗ ಯಾಕೆ, ನಾಯಕ ಯಾಕೆ ಎಂದ. ಹುಡುಗಿ ನಡುವೆ, ಅಪ್ಪಾಜಿ, ಅಜ್ಜಿ ಇವತ್ತು, ಎಂದು ಏನೋ ಶುರು ಮಾಡಿದಳು. ಇರು, ಇದೊಂದು ಮುಗಿಸ್ತೀನಿ ಎಂದು ಅವನು ಕೇಡಿಗನ ಲಕ್ಷಣಗಳನ್ನು ಒಂದೊಂದಾಗಿ ವಿವರಿಸಿದ. ಅವನದು ಮುಗಿಯುವ ಹೊತ್ತಿಗೆ ಅವಳನ್ನು ಊಟಕ್ಕೆ ಕರೆದರು.

ಭಾನುವಾರ ಈಸೂರಿನಿಂದ ಚಿಕ್ಕಪ್ಪ ಉಜ್ಜಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಆನವಟ್ಟಿಗೆ ಹೋದ. ಹೆಣ್ಣಿನ ಕಡೆ ಹಿರಿಯರೆಂದರೆ ಚೈತ್ರಶ್ರೀಯ ದೊಡ್ಡಪ್ಪ ಪಂಚಾಕ್ಷರಪ್ಪ. ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟವರು, ಹೆಚ್ಚು ಮಾತಿನವರಲ್ಲ. ನಡುವೆ ಎಲೆ ಅಡಿಕೆಯ ತಟ್ಟೆ ಇಟ್ಟರು. ಇಂಥ ಕೂಟದಲ್ಲಿ ಮೊದಲ ಮಾತು ಅಳಿಯನದು. ಮನೆಯ ಮಗಳು ಒಳಬಾಗಿಲ ಹಿಂದೆ ನಿಂತು ಕೇಳುತ್ತಾಳೆ, ಅವಳ ಪರವಾಗಿ ಹಿರಿಯರು ಆಡುತ್ತಾರೆ. ಹೇಳ್ರಿ ಅಳಿಯಂದಿರೇ, ನಿಮ್ ಮನಸ್ಸಿನಾಗೆ ಏನೈತಿ ಎಂದರು ಪಂಚಾಕ್ಷರಪ್ಪ.

ಅವನ ಮನಸ್ಸಿನಲ್ಲಿ ಇದ್ದದ್ದು ಹೆಂಡತಿ ಮನೆಗೆ ಬರಲಿ ಎಂಬುದೊಂದೇ. ಆದರೆ ಒಂದು ಮಾತಿನಲ್ಲಿ ಮುಗಿಸುವುದು ಅವನ ಜಾಯಮಾನವೇ ಅಲ್ಲವಲ್ಲ! ದಾರಿಯುದ್ದಕ್ಕೂ ಕಥೆ ಹೆಣೆದುಕೊಂಡು ಬಂದಿದ್ದ. ಕಥೆಗೆ ಒಬ್ಬ ಕೇಡಿಗ ಬೇಕು. ಹೆಂಡತಿಯನ್ನು ಆ ಜಾಗದಲ್ಲಿ ನಿಲ್ಲಿಸಲು ಮನಸ್ಸು ಒಪ್ಪಲಿಲ್ಲ. ತಾನೇ ನಿಲ್ಲಬಹುದು ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಉಳಿದವರು ಅತ್ತೆ ನೀಲಾಂಬಿಕ.

ಸುಳ್ಳು ಒಂದನ್ನೂ ಹೇಳಲಿಲ್ಲ. ಜೋಡಿಸಿದ, ಅಷ್ಟೇ. ದೀಪಾವಳಿಗೆಂದು ಕರೆದವರು ಮಗಳನ್ನು ವಾರಗಟ್ಟಲೆ ಇಟ್ಟುಕೊಂಡದ್ದು, ದಿನಾ ಫೋನ್ ಮಾಡಿ ಅಡಿಗೆ ಏನು ಎಂದು ವಿಚಾರಿಸುತ್ತಿದ್ದದ್ದು, ಮೊಮ್ಮಗಳಿಗೆ ಜ್ವರ ಬಂದಾಗ ಇಲ್ಲಿಗೇ ಕಳಿಸು ಎಂದದ್ದು. ಒಂದರ ಪಕ್ಕ ಒಂದಿಟ್ಟರೆ, ನಗುನಗುತ್ತಲೇ ಒಂದು ಸಂಸಾರಕ್ಕೆ ಹುಳಿ ಹಿಂಡಿದ ಹೆಂಗಸೊಬ್ಬಳು ಎದ್ದು ನಿಂತಳು. ಎಲ್ಲಿ ದನಿ ತಗ್ಗಿಸಬೇಕೋ ಅಲ್ಲಿ ತಗ್ಗಿಸಿದ. ಉಜ್ಜಪ್ಪ ಹೆಮ್ಮೆಯಿಂದ ಮೀಸೆ ಸವರಿಕೊಂಡ. ಕಥೆ ಮುಗಿಯಿತು. ಗೆದ್ದೆ ಎಂದುಕೊಂಡ ಮಲ್ಲಿಕಾರ್ಜುನ.

ಪಂಚಾಕ್ಷರಪ್ಪ ಎಲೆಯೊಂದರ ತೊಟ್ಟು ಮುರಿದು ತಟ್ಟೆಗೆ ಹಾಕಿದರು. ಆಮೇಲೆ, ಒಳಗೆ ಹೋಗಿ ನೀರು ಕುಡಿದು ಬರ್ರಿ ಎಂದರು.

ನಡುಮನೆಯಲ್ಲಿ ಮಣೆಯ ಮೇಲೆ ಒಂದು ಮೊರ ಇತ್ತು. ಮೊರದ ತುಂಬ ಹಳದಿ ಅಕ್ಕಿ, ಅದರ ಮೇಲೆ ತೆಂಗಿನಕಾಯಿ, ವೀಳ್ಯದೆಲೆ, ಅರಿಶಿನದ ಕೊಂಬು, ಮಡಿಸಿಟ್ಟ ಹಸಿರು ರವಿಕೆ ಖಣ. ಅದು ಉಡಿ ತುಂಬುವ ಸಾಮಾನು. ತವರಿನವರು ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬದೆ ಕಳಿಸುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಮೊರದ ಪಕ್ಕ ನೀಲಾಂಬಿಕ ತಲೆ ತಗ್ಗಿಸಿ ಕೂತಿದ್ದರು. ಅಳಿಯ ಬಂದನೆಂದು ಎಂದಿನಂತೆ ಸೆರಗು ಹೊದ್ದುಕೊಂಡರು.

ಚೈತ್ರಶ್ರೀ ಬಾಗಿಲ ಬಳಿಯಿಂದಲೇ ಮಾತಾಡಿದಳು. ದನಿ ಏರಿಸಲಿಲ್ಲ.

"ಇದನ್ನೆಲ್ಲ ಬೆಳಿಗ್ಗೆನೇ ಅಣಿ ಮಾಡಿದ್ದು ಅವ್ವನೇ. ಎರಡು ತಿಂಗಳಿಂದ ದಿನಾ ಒಂದೇ ಮಾತು ಅವಳದು. ಹೋಗವ್ವಾ, ಅವರ ಬಾಯಿ ಹಂಗೆ, ಮನಸ್ಸು ಹಂಗಲ್ಲ ಅಂತ. ನಾ ಒಪ್ಪಿದ್ದೆ. ನೀವು ಬಂದು ಸುಮ್ನೆ ಬಾ ಅಂದಿದ್ರೆ ಸಾಕಾಗಿತ್ತು."

ಮಲ್ಲಿಕಾರ್ಜುನ ಅವಳತ್ತ ತಿರುಗಿದ. ತಪ್ಪಾಯಿತು ಎನ್ನಬೇಕಿತ್ತು. ಅಭ್ಯಾಸದ ಬಲ, "ಚೈತ್ರಾ, ನಡೆದದ್ದು ಏನಪ್ಪ ಅಂದ್ರೆ" ಎಂದು ಬಾಯಿ ಶುರು ಮಾಡಿಬಿಟ್ಟಿತು.

"ನೋಡಿ, ಮತ್ತೆ ಮೊದಲಿಂದ ಹೇಳ್ತಿದೀರಿ" ಎಂದಳು ಅವಳು.

ಅವನು ಬಾಯಿ ಮುಚ್ಚಿದ. ನೀಲಾಂಬಿಕ ಮಗಳ ಮುಖ ನೋಡಿದರು. ಮಗಳು ಇಲ್ಲವೆಂದು ತಲೆಯಾಡಿಸಿದಳು. ಆಗ ಅವರು ಎದ್ದು ಕಾಯಿಯನ್ನು ದೇವರ ಗೂಡಿನಲ್ಲಿಟ್ಟರು, ಖಣವನ್ನು ಪೆಟ್ಟಿಗೆಗೆ ಸೇರಿಸಿದರು, ಮೊರ ಎತ್ತಿ ಅಕ್ಕಿಯನ್ನು ಡಬ್ಬಿಗೆ ಸುರಿದರು. ಆ ಸದ್ದು ಕೇಳುತ್ತಾ ಅವನು ನಿಂತೇ ಇದ್ದ. ಇಷ್ಟು ವರ್ಷ ಆಡಿದ ಅಷ್ಟೂ ಮಾತುಗಳ ಮೇಲೆ ಅವನಿಗೆ ಹೇಸಿಗೆ ಬಂತು.

ಹೊರಗೆ ಪಂಚಾಕ್ಷರಪ್ಪ, ಮಗಳು ಇನ್ನೊಂದಿಷ್ಟು ದಿನ ಇಲ್ಲೇ ಇರಲಿ, ತಾನು ಬಲವಂತ ಮಾಡುವವನಲ್ಲ ಎಂದರು. ಮಾತು ಆಡಿದ್ರೆ ಹೋಯ್ತು ಎಂದು ಉಜ್ಜಪ್ಪ ಗಾದೆ ಎತ್ತಿಕೊಂಡವನು, ಅಣ್ಣನ ಮಗನ ಮುಖ ನೋಡಿ ಉಳಿದರ್ಧ ನುಂಗಿಕೊಂಡ.

ಗೇಟಿನ ಹತ್ತಿರ ಬೈಕಿಗೆ ಒರಗಿಕೊಂಡು ಗಂಗಾಶ್ರೀ ನಿಂತಿದ್ದಳು. ಮಲ್ಲಿಕಾರ್ಜುನ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಅಮ್ಮ ಇವತ್ತು ಬರುವವಳಿದ್ದಳು ಎಂಬುದು ನಿನಗೆ ಗೊತ್ತಿತ್ತೇ ಎಂದು ಕೇಳಿದ.

"ಹೂಂ. ನೆನ್ನೆ ಫೋನಲ್ಲಿ ಹೇಳೋಣ ಅಂತಿದ್ದೆ ಅಪ್ಪಾಜಿ. ನೀವು ಕೊಕ್ಕರೆ ಯಾಕೆ ಕೆಟ್ಟದ್ದು ಅಂತ ಹೇಳ್ತಿದ್ರಿ."

ಮಲ್ಲಿಕಾರ್ಜುನ ಅವಳ ಎರಡೂ ಕೈ ಹಿಡಿದುಕೊಂಡ. ಅಂಗೈಯೆಲ್ಲ ಹಳದಿಯಾಗಿತ್ತು. ಏನಮ್ಮ ಇದು ಎಂದ.

"ಅರಿಶಿನ. ಉಡಿ ಅಕ್ಕಿಗೆ ನಾನೇ ಕಲೆಸಿದ್ದು" ಎಂದಳು ಹುಡುಗಿ. ಅಷ್ಟರಲ್ಲಿ ಒಳಗಿನಿಂದ ಅಜ್ಜಿ ಕರೆದರು. ಅವಳು ಕೈ ಬಿಡಿಸಿಕೊಂಡು ಹೋದಳು.