ಕಾಲುಚೀಲ ತೊಟ್ಟ ಪರದೆ

ಬಸ್ಸು ಓಡಿಸುವವನ ಕಣ್ಣು ರಸ್ತೆ ಬಿಟ್ಟು ಆಚೆ ಹೋದರೆ ಅದಕ್ಕೊಂದು ಬೆಲೆಯಿದೆ. ಪಕ್ಕದ ಕನ್ನಡಿಗೆ ಮುಕ್ಕಾಲು ಸೆಕೆಂಡು. ಬಾಗಿಲಲ್ಲಿ ನೇತಾಡುವವನನ್ನು ಗದರಲು ಒಂದು ಸೆಕೆಂಡು. ಸ್ಟೀರಿಂಗಿನ ಪಕ್ಕ ಕೂರಿಸಿರುವ ಹೊಸ ಪರದೆ ಕೀಂಯ್ ಎಂದು ಕೂಗಿ, ‘ನಾಲ್ಕು ನಿಮಿಷ ತಡ’ ಎಂದು ಕೆಂಪಕ್ಷರ ತೋರಿಸಿದಾಗ, ಅದನ್ನು ಓದಿ, ಗುಂಡಿ ಒತ್ತಿ, ಮತ್ತೆ ರಸ್ತೆಗೆ ಮರಳಲು ಎರಡೂವರೆ. ಗಂಟೆಗೆ ನಲವತ್ತು ಕಿಲೋಮೀಟರ್ ವೇಗದ ಬಸ್ಸು ಅಷ್ಟರಲ್ಲಿ ಇಪ್ಪತ್ತೆಂಟು ಮೀಟರ್ ಕುರುಡಾಗಿ ಓಡಿರುತ್ತದೆ. ಎರಡು ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೂ ಇನ್ನೂ ಜಾಗ ಮಿಗುವಷ್ಟು ದೂರ.

ಈ ಬೆಲೆಪಟ್ಟಿ ಮಾಡಿದವಳು ಕಾಲೇಜಿನ ಕೊನೆಯ ವರ್ಷದ ಹುಡುಗಿ, ಟೈಲರಮ್ಮನ ಒಬ್ಬಳೇ ಮಗಳು. ಚಾಲಕರ ಗಮನ ಎಲ್ಲಿ ಸೋರಿಹೋಗುತ್ತದೆ ಎಂಬುದೇ ಅವಳ ಪ್ರಬಂಧ. ಡಿಪೋದಿಂದ ಅನುಮತಿ ಪತ್ರ ತಂದು, ಆರು ವಾರ ಚಾಲಕರ ಮಗ್ಗುಲ ಸೀಟಿನಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತಳು. ಚಾಲಕರು ಅವಳಿಗೆ ‘ಕಣ್ಣೆಣಿಸೋಳು’ ಎಂದು ಹೆಸರಿಟ್ಟರು.

ಅವರಲ್ಲಿ ಹಿರಿಯನ ಅಡ್ಡಹೆಸರು ‘ಹದ್ದು’. ಮೂವತ್ತು ವರ್ಷದಲ್ಲಿ ಅವನ ಬಸ್ಸಿಗೆ ಒಂದು ಗೀರೂ ಬಿದ್ದಿರಲಿಲ್ಲ. ಶಾಲೆಯ ಗೇಟು ಹತ್ತಿರ ಬರುತ್ತಿದ್ದಂತೆ ಅವನು ಜೇಬಿನಿಂದ ಹಳೆಯ ದಪ್ಪ ಕಾಲುಚೀಲವೊಂದನ್ನು ತೆಗೆದು ಪರದೆಗೆ ತೊಡಿಸಿಬಿಡುತ್ತಿದ್ದ. ಗೇಟು ದಾಟಿದ ಮೇಲೆ ಕಳಚುತ್ತಿದ್ದ. ಹತ್ತು ಸೆಕೆಂಡಿನಲ್ಲಿ ಗುಂಡಿ ಒತ್ತದಿದ್ದರೆ ಯಂತ್ರ ‘ಚಾಲಕ ಗಮನ ಕೊಡಲಿಲ್ಲ’ ಎಂದು ದಾಖಲಿಸುತ್ತಿತ್ತು.

“ಬರ್ಕೊಳ್ಳಲಿ ಬಿಡಮ್ಮ,” ಎನ್ನುತ್ತಿದ್ದ ಹದ್ದು. “ಅದಕ್ಕೆ ಗಮನ ಕೊಟ್ರೆ ಮಕ್ಕಳಿಗೆ ಯಾರು ಕೊಡ್ತಾರೆ?”

ಹುಡುಗಿ ಅದನ್ನೂ ಬರೆದುಕೊಂಡಳು. ಯಾರ ಹೆಸರೂ ಹಾಕುವುದಿಲ್ಲವೆಂದು ಮಾತು ಕೊಟ್ಟಿದ್ದಳು, ಹಾಕಲೂ ಇಲ್ಲ. ಆದರೆ ಲೆಕ್ಕ ಚೊಕ್ಕವಾಗಿರಲೆಂದು ಪ್ರತಿ ಸಾಲಿಗೂ ದಿನಾಂಕ, ಮಾರ್ಗ, ಹೊರಟ ಸಮಯ ನಮೂದಿಸಿದ್ದಳು. ಆ ಕೋಷ್ಟಕದ ಒಂದು ಪ್ರತಿಯನ್ನು, ಉಪಕಾರ ಸ್ಮರಣೆಗೆಂದು, ಡಿಪೋ ಮ್ಯಾನೇಜರಿಗೆ ಕೊಟ್ಟಳು. ಆತ ಅದನ್ನು ಡ್ಯೂಟಿ ಪಟ್ಟಿಯ ಪಕ್ಕ ಇಟ್ಟು ನೋಡಿದ. ಕಾಲುಚೀಲದ ಯಜಮಾನ ಯಾರೆಂದು ತಿಳಿಯಲು ಅರ್ಧ ಗಂಟೆ ಸಾಕಾಯಿತು. ಊರವರ ಗಮನವನ್ನೆಲ್ಲ ಅಳೆದವಳ ಗಮನ ತನ್ನ ಕಾಗದದ ಮೇಲೇ ಇರಲಿಲ್ಲ.

ಮರುದಿನವೇ ಹದ್ದುವಿಗೆ ನೋಟಿಸು ಬಂತು. ಸಂಸ್ಥೆಯ ಉಪಕರಣ ಮುಚ್ಚಿದ್ದಕ್ಕೆ ವಿಚಾರಣೆ, ಸಾಬೀತಾದರೆ ವಜಾ. ನಿವೃತ್ತಿಗೆ ಇನ್ನು ಎರಡೇ ವರ್ಷವಿತ್ತು.

ಹುಡುಗಿ ಚಾಲಕರ ವಿಶ್ರಾಂತಿ ಕೋಣೆಗೆ ಓಡಿದಳು.

“ಬಂದ್ಳು ನೋಡ್ರಪ್ಪ, ಕಣ್ಣೆಣಿಸೋಳು! ಎಲ್ರೂ ಕಣ್ಣು ಮುಚ್ಕೊಳ್ಳಿ,” ಎಂದ ಒಬ್ಬ. ಯಾರೂ ನಗಲಿಲ್ಲ.

“ತಪ್ಪು ನಂದು, ದೊಡ್ಡಪ್ಪ,” ಎಂದಳು ಹದ್ದುವಿನ ಮುಂದೆ ನಿಂತು.

“ಹೌದು, ನಿಂದೇ,” ಎಂದ ಹದ್ದು. ಆಮೇಲೆ ಬೆಂಚಿನ ಮೇಲೆ ಸರಿದು ಜಾಗ ಕೊಟ್ಟ. “ಕೂತ್ಕೋ. ನೀನೇನು ಸುಳ್ಳು ಬರೆದಿಲ್ವಲ್ಲ. ಆದ್ರೆ ಬರೀ ಅರ್ಧ ಓದ್ತಾರೆ ಅವರು. ಇನ್ನರ್ಧ ಓದಿ ಹೇಳೋಳು ನೀನೇ.”

ಆದರೆ ಮ್ಯಾನೇಜರು ಅವಳಿಂದ ಬಯಸಿದ್ದು ಬೇರೆ. ‘ಚಾಲಕನು ಪರದೆ ಮುಚ್ಚಿ ನಿರ್ಲಕ್ಷ್ಯದಿಂದ ಬಸ್ಸು ಓಡಿಸಿದ್ದನ್ನು ಕಂಡಿದ್ದೇನೆ’ ಎಂಬ ಒಂದು ಸಾಲಿನ ಕೆಳಗೆ ಸಹಿ. ಹಾಕದಿದ್ದರೆ ಅನುಮತಿ ಪತ್ರ ವಾಪಸ್ಸು, ಕಲೆಹಾಕಿದ ಲೆಕ್ಕವೆಲ್ಲ ಅಮಾನ್ಯ, ಓದಿನ ಒಂದು ವರ್ಷ ನೀರುಪಾಲು. ಕಾಲೇಜಿನ ಗೈಡ್ ಕೂಡ, “ನೀನು ಹೇಳೋದು ನಿಜ, ಆದ್ರೆ ಗೋಡೆಗೆ ತಲೆ ಚಚ್ಕೋಬೇಡ,” ಎಂದು ಕೈತೊಳೆದುಕೊಂಡರು.

ಮನೆಯಲ್ಲಿ ಟೈಲರಮ್ಮ ಮಷಿನ್ ನಿಲ್ಲಿಸದೆಯೇ ಎಲ್ಲ ಕೇಳಿದಳು. ಹೊಲಿಗೆ ಮುಗಿಸಿ, ದಾರ ಕಡಿದು, ಆಮೇಲೆ ತಲೆಯೆತ್ತಿದಳು.

“ಸೂಜಿ ಓಡೋವಾಗ ನೀನು ಕರೆದ್ರೆ ನಾನು ತಿರುಗಿ ನೋಡ್ತೀನಾ?”

“ಇಲ್ಲ.”

“ಯಾಕೆ?”

“ಬೆರಳು ಹೋಗುತ್ತೆ.”

“ಅಷ್ಟೇ ಕಣೆ ನಿನ್ನ ಪುಸ್ತಕ. ಹೋಗಿ ಅದನ್ನೇ ಹೇಳು. ಒಂದು ವರ್ಷ ಹೋದ್ರೆ ಇನ್ನೊಂದು ಬರುತ್ತೆ. ಸುಳ್ಳಿಗೆ ಸಹಿ ಹಾಕಿದ ಕೈಲಿ ನಾಳೆ ಅನ್ನ ಕಲಸ್ಕೊಂಡು ತಿನ್ನಬೇಕಲ್ಲ, ಅದು ಇಳಿಯುತ್ತಾ?”

ವಿಚಾರಣೆ ಡಿಪೋದ ಮೇಲಂತಸ್ತಿನ ಕೋಣೆಯಲ್ಲಿ. ಮ್ಯಾನೇಜರು, ಕೇಂದ್ರ ಕಚೇರಿಯಿಂದ ಬಂದ ಹಿರಿಯ ಅಧಿಕಾರಿಣಿ, ಗೋಡೆಗೆ ಆನಿಸಿದ ಕುರ್ಚಿಯಲ್ಲಿ ಹದ್ದು. ಕಾಗದ ಮುಂದೆ ಬಂತು. ಹುಡುಗಿ ಅದನ್ನು ಮಡಿಸಿ ಹಿಂದಕ್ಕೆ ತಳ್ಳಿದಳು.

“ಇದಕ್ಕೆ ಸಹಿ ಹಾಕಲ್ಲ ಸಾರ್. ನಾನು ಕಂಡದ್ದನ್ನ ಹೇಳ್ತೀನಿ, ಬರ್ಕೊಳ್ಳಿ.”

ಶಾಲೆಯ ಗೇಟಿನ ಮುಂದೆ ಪರದೆ ತೆರೆದಿದ್ದ ಓಟಗಳು ಇನ್ನೂರ ಹನ್ನೆರಡು. ಅದರಲ್ಲಿ ಎಪ್ಪತ್ತಾರು ಸಲ ಪರದೆ ಕೂಗಿತ್ತು, ಕೂಗಿದಾಗಲೆಲ್ಲ ಚಾಲಕನ ಕಣ್ಣು ಎರಡು ಸೆಕೆಂಡಿಗೂ ಹೆಚ್ಚು ರಸ್ತೆ ಬಿಟ್ಟಿತ್ತು. ಪರದೆ ಮುಚ್ಚಿದ್ದ ಓಟಗಳು ಮೂವತ್ತೊಂದು. ಅವುಗಳಲ್ಲಿ ಕಣ್ಣು ರಸ್ತೆ ಬಿಟ್ಟದ್ದು ಒಂದು ಸಲವೂ ಒಂದು ಸೆಕೆಂಡು ಮೀರಿರಲಿಲ್ಲ. ಅವಳು ಒಂದೊಂದೇ ಅಂಕಿ ಬಿಡಿಸಿ ಹೇಳಿದಳು.

“ಅದೆಲ್ಲ ನಿನ್ನ ಪ್ರಬಂಧಕ್ಕೆ ಇಟ್ಕೋಮ್ಮ,” ಎಂದ ಮ್ಯಾನೇಜರು. “ಅನುಭವ ಇರೋ ಚಾಲಕನಿಗೆ ಒಂದು ಸದ್ದಿಂದ ಗಮನ ತಪ್ಪುತ್ತೆ ಅಂದ್ರೆ ತಪ್ಪು ಚಾಲಕನದ್ದೇ. ಗಮನ ಅನ್ನೋದು ಶಿಸ್ತು.”

ಹುಡುಗಿ ಸ್ಟಾಪ್‌ವಾಚನ್ನು ಮೇಜಿನ ಮೇಲಿಟ್ಟಳು.

“ನಾನು ಮಾತು ಶುರು ಮಾಡಿ ನಾಲ್ಕು ನಿಮಿಷ ಆಯ್ತು ಸಾರ್. ಅಷ್ಟರಲ್ಲಿ ನಿಮ್ಮ ಫೋನು ಒಂಬತ್ತು ಸಲ ಗುಂಯ್ ಅಂತು. ಒಂಬತ್ತು ಸಲಾನೂ ನೋಡಿದ್ರಿ. ನೀವು ಶಿಸ್ತಿನವರಲ್ಲ ಅಂತ ನಾನು ಹೇಳಲ್ಲ. ಕೂಗಿದ ಕಡೆ ಕಣ್ಣು ಹೋಗುತ್ತೆ, ಎಲ್ಲರದ್ದೂ. ನೀವು ಕೂತಿರೋದು ಕುರ್ಚಿ, ಅದು ಓಡಲ್ಲ. ಅದಕ್ಕೇ ಯಾರಿಗೂ ಏನೂ ಆಗಿಲ್ಲ.”

ಮ್ಯಾನೇಜರ ಮುಖ ಕೆಂಪೇರಿತು. “ಹುಡುಗಾಟ ಅಂದ್ಕೊಂಡಿದೀಯಾ? ಈ ಕ್ಷಣಕ್ಕೆ ನಿನ್ನ ಅನುಮತಿ ರದ್ದು!”

“ರದ್ದು ಮಾಡಿ. ಎಣಿಸಿದ್ದು ಎಣಿಸಿಯಾಯ್ತು, ಅದನ್ನ ರದ್ದು ಮಾಡೋಕಾಗಲ್ಲ.”

ಹಿರಿಯ ಅಧಿಕಾರಿಣಿ ಕೈ ಚಾಚಿ ಹುಡುಗಿಯ ಹಾಳೆಗಳನ್ನು ತೆಗೆದುಕೊಂಡು ಪುಟ ತಿರುವಿದರು. ಹದ್ದುವಿನ ಕಡೆ ನೋಡಿದರು.

“ಏನ್ರೀ, ಕಾಲುಚೀಲವೇ ಯಾಕೆ?”

“ಟೋಪಿ ಹಾಕಿ ನೋಡ್ದೆ ಮೇಡಂ. ಸದ್ದು ನಿಲ್ಲಲಿಲ್ಲ,” ಎಂದ ಹದ್ದು.

ಆಕೆ ನಗಲಿಲ್ಲ. ಹಾಳೆಗಳನ್ನು ತಮ್ಮ ಚೀಲಕ್ಕೆ ಹಾಕಿಕೊಂಡು, “ನಾಳೆ ಆ ಶಾಲೆ ದಾರಿಯ ಏಳೂ ಹತ್ತರ ಬಸ್ಸಲ್ಲಿ ನನಗೆ ಆ ಮುಂದಿನ ಸೀಟು ಬೇಕು,” ಎಂದರು.

ಮೂರು ದಿನ ಆಕೆ ಆ ಸೀಟಿನಲ್ಲಿ ಕೂತರು. ನಾಲ್ಕನೆಯ ದಿನ ಆದೇಶ ಬಂತು. ಹದ್ದುವಿಗೆ ಎಚ್ಚರಿಕೆ ಪತ್ರ ಮಾತ್ರ. ಅನುಮತಿ ರದ್ದಾದದ್ದು ಹಾಗೇ ಉಳಿಯಿತು. ಮ್ಯಾನೇಜರ ಅಧಿಕಾರವನ್ನು ಆಕೆ ಮುಟ್ಟಲಿಲ್ಲ, ಕಾಲೇಜು ಪ್ರಬಂಧವನ್ನು ತೆಗೆದುಕೊಳ್ಳಲಿಲ್ಲ. ಹುಡುಗಿ ಸಹಪಾಠಿಗಳ ಪದವಿ ಫೋಟೋದಲ್ಲಿ ಇಲ್ಲ.

ಅವಳಿಗೆ ಹೋದದ್ದು ಒಂದು ವರ್ಷ. ಹದ್ದುವಿಗೆ ಕೆಲಸ ಉಳಿಯಿತು. ಆ ಡಿಪೋದ ಅರವತ್ತು ಬಸ್ಸುಗಳಲ್ಲಿ ಚಕ್ರ ಉರುಳುತ್ತಿರುವಾಗ ಪರದೆ ಈಗ ಕೂಗುವುದಿಲ್ಲ.