ಕೊಟ್ಟಿಗೆ ತೊಳೆದ ನೀರು ಎಲ್ಲಿಗೆ ಹೋಯಿತು?

ಕಾರಹುಣ್ಣಿಮೆ ಮುಗಿದ ಆರನೆಯ ದಿನ ನಮ್ಮ ಮನೆಯ ಗೋಬರ್ ಗ್ಯಾಸ್ ನಿಂತಿತು. ಬೆಳಿಗ್ಗೆ ಚಹಾ ಇಡಲು ಹೋದರೆ ಉರಿ ಒಮ್ಮೆ ನೀಲಿಯಾಗಿ ಎದ್ದು ಆರಿಹೋಯಿತು. ಹಿತ್ತಲಿಗೆ ಹೋಗಿ ನೋಡಿದೆ. ದಿನವೂ ಉಬ್ಬಿ ಮೇಲೆ ಬರುತ್ತಿದ್ದ ಕಬ್ಬಿಣದ ಡ್ರಮ್ಮು ತಳಕ್ಕೆ ಕೂತಿತ್ತು.

ಇಂಥ ಹೊತ್ತಿನಲ್ಲಿ ಮನೆಯವರಿಗೆ ಬೈಯಲು ಒಬ್ಬ ಹೆಣ್ಣುಮಗಳು ಬೇಕು. ನಾಗಣಸೂರಿನ ನಮ್ಮ ಮನೆಯಲ್ಲಿ ಸ್ನೇಹಲ ಸಿಕ್ಕಳು.

ಸ್ನೇಹಲ ನನ್ನ ನಾದಿನಿ. ಹದಿನಾಲ್ಕು ವರ್ಷ. ಅಕ್ಕಲಕೋಟೆಯ ಶಾಲೆಯಲ್ಲಿ ಒಂಬತ್ತನೆಯದಕ್ಕೆ ಹೆಸರು ಹಚ್ಚಿದ್ದಾಳೆ. ಹಬ್ಬದ ಮರುದಿನ ಮುಟ್ಟಾಗಿದ್ದಳು. ಹಾಗಿದ್ದೂ ಗ್ಯಾಸಿನ ತೊಟ್ಟಿಯಲ್ಲಿ ಶೆಗಣಿ ಕಲಸಿದ್ದಳು.

"ಹೊರಗಾದಾಕಿ ಕೈ ಹಚ್ಚಿದಿ. ವಿಟಾಳಾತು, ಮೈಲಿಗಿ ಆತು. ಗ್ಯಾಸ್ ಸತ್ತಹೋತು!" ನಮ್ಮತ್ತೆ ಗುರಮ್ಮ ಅಂಗಳದಲ್ಲಿ ನಿಂತು ಕೂಗಿದರು.

"ಅಣ್ಣಾನೇ ಕಲಸಂದ, ಯವ್ವಾ."

"ಅಂವಗೇನ ಗೊತ್ತು ನಿಂದು? ಬಾಯಿ ನೋಡ ಇಕೀದು! ಸಾಲಿ ಕಲಿಸಿದ್ದಕ್ಕ ಇದು. ಸೋಮವಾರದಿಂದ ಸಾಲಿ ಬಂದ್. ಕಟಗಿ ಆರಿಸಿಕೊಂಡು ಬಂದು ಒಲಿ ಮುಂದ ಕುಂದರು."

ನನ್ನ ಗಂಡ ಸಿದ್ಧರಾಮ ಕಟ್ಟೆಯ ಮೇಲೆ ಮೊಬೈಲ್ ನೋಡುತ್ತ ಸುಮ್ಮನೆ ಕೂತಿದ್ದ. ನನಗೆ ಅವನ ಮೇಲೆ ಸಿಟ್ಟು ಬಂತು.

ಯಾಕೆಂದರೆ ನಾನು ನೋಡಿದ್ದೆ. ಹಬ್ಬದ ದಿನ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಆಮೇಲೆ ಕೊಟ್ಟಿಗೆಗೆ ಫಿನೈಲ್ ಸುರಿದವನು ಅವನೇ. ಸೊಲ್ಲಾಪುರದ ನವಿ ಪೇಠದಿಂದ ತಂದ ದೊಡ್ಡ ಡಬ್ಬಿಗಳು, ಎರಡು. ಎರಡನ್ನೂ ಬಹುಪಾಲು ಖಾಲಿ ಮಾಡಿ ಪೈಪಿನಿಂದ ನೀರು ಬಿಟ್ಟ. ಹೋದ ವರ್ಷ ಗಂಜಲ ಹರಿದು ಹೋಗಲೆಂದು ಕೊಟ್ಟಿಗೆಯ ಕಾಲುವೆಯನ್ನು ಗ್ಯಾಸಿನ ತೊಟ್ಟಿಗೆ ತಿರುಗಿಸಿದವನೂ ಅವನೇ. ಹಾಲಿನಂಥ ಬೆಳ್ಳನೆಯ ನೀರು ಅದೇ ದಾರಿ ಹಿಡಿದು ಒಳಗೆ ಹೋಯಿತು. ನಾನು ರೊಟ್ಟಿ ತಟ್ಟುತ್ತ ನೋಡಿದೆ. ಅದರಿಂದ ಏನಾಗುತ್ತದೆಂದು ಆಗ ನನಗೂ ಗೊತ್ತಿರಲಿಲ್ಲ; ಗ್ಯಾಸ್ ನಿಂತಾಗ ಆ ಬೆಳ್ಳನೆಯ ನೀರು ನೆನಪಾಯಿತು. ಏಳನೆಯದರಲ್ಲೇ ನನ್ನನ್ನು ಶಾಲೆ ಬಿಡಿಸಿದ್ದರು. ಅಂದು ನನ್ನ ಪರವಾಗಿ ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಗ್ಯಾಸ್ ನಿಂತ ಮರುದಿನ, ಶನಿವಾರ, ಶ್ರೀಲೇಖಾ ಬಂದಳು. ಸೊಲ್ಲಾಪುರದ ಕಾಲೇಜಿನಲ್ಲಿ ಸಂಶೋಧನೆ ಮಾಡುವ ಹುಡುಗಿ. ಕಣ್ಣಿಗೆ ಕಾಣದ ಜೀವಿಗಳಿಂದ ಗ್ಯಾಸು, ಕರೆಂಟು ಹೇಗೆ ಬರುತ್ತವೆ ಎಂದು ಓದುತ್ತಾಳೆ. ತಿಂಗಳಿಗೊಮ್ಮೆ ನಮ್ಮ ತೊಟ್ಟಿಯಿಂದ ಒಂದು ಬಾಟಲಿ ಶೆಗಣಿ ನೀರು ಒಯ್ಯುತ್ತಾಳೆ. ಅತ್ತೆ ಅವಳಿಗೆ ಇಟ್ಟ ಹೆಸರು ಶೆಗಣಿ ಮ್ಯಾಡಂ.

ಅವಳು ತೊಟ್ಟಿಗೆ ಬಗ್ಗಿ ಮೂಸಿದಳು. ಮುಖ ಕೆಂಪಾಯಿತು.

"ಇದರಾಗ ಫಿನೈಲ್ ಯಾರ್ ಹಾಕಿದ್ರಿ?"

"ಇವ್ರು," ಎಂದೆ ನಾನು. ಧ್ವನಿ ನನಗೇ ಕೇಳಲಿಲ್ಲ. ಮತ್ತೆ ಹೇಳಿದೆ, "ಇವ್ರು. ಎರಡು ಡಬ್ಬಿ. ಹುಣ್ಣಿವಿ ದಿನ."

"ನಾ ಕೊಟಗಿ ತೊಳದೀನಿ. ತೊಟ್ಟ್ಯಾಗ ಹಾಕಿಲ್ಲ," ಎಂದ ಸಿದ್ಧರಾಮ.

"ತೊಳದ ನೀರು ಎಲ್ಲಿ ಹೋತ್ರಿ, ಅಣ್ಣಾ?"

ಅವನು ಕಾಲುವೆ ನೋಡಿದ. ಎಲ್ಲರೂ ನೋಡಿದೆವು. ಶ್ರೀಲೇಖಾ ಅತ್ತೆಯ ಕಡೆ ತಿರುಗಿದಳು.

"ಅದರಾಗ ಕೋಟಿಗಟ್ಟಲೆ ಜೀವ ಇದ್ದವ್ರಿ, ಆಯಿ. ಮಸರಿನ ಹೆಪ್ಪಿನಾಗ ಇರ್ತಾವಲ್ಲ, ಹಂಗ. ಶೆಗಣಿ ತಿಂದು ಗ್ಯಾಸ್ ಕೊಡೂದು ಅವೇ. ಫಿನೈಲ್ ಮಾಡಿದ್ದೇ ಅಂಥಾ ಜೀವ ಕೊಲ್ಲಾಕ. ಡಬ್ಬಿ ಮ್ಯಾಲೆ ಬರದಿರ್ತದ, ಓದಂಗಿಲ್ಲ ಯಾರೂ!"

"ಹುಳಾ ಇದ್ರ ನಂಗ ಕಾಣತಿದ್ದಿಲ್ಲೇನ?" ಎಂದರು ಅತ್ತೆ. "ಜ್ವಾಳದಾಗಿನ ನುಸಿ ಇನ್ನಾ ಕಾಣ್ತದ ನನಗ. ಫಿನೈಲ್ ಅಲ್ಲ, ಈ ಹುಡಗಿ ವಿಟಾಳ ಮಾಡ್ಯಾಳ."

ಶ್ರೀಲೇಖಾ ಚೀಲದಿಂದ ಎರಡು ಪ್ಲಾಸ್ಟಿಕ್ ಡಬ್ಬಿ ತೆಗೆದಳು. ಎರಡರಲ್ಲೂ ಕಪ್ಪು ರಾಡಿ, ಅದರಿಂದ ಹೊರಟ ವೈರು, ತುದಿಗೆ ಜೋಳದ ಕಾಳಿನಷ್ಟು ಕೆಂಪು ದೀಪ. ಸ್ವಲ್ಪ ಹೊತ್ತಿಗೊಮ್ಮೆ ಅದು ಮಿಣುಕುತ್ತಿತ್ತು.

"ಇವು ಬ್ಯಾರೆ ಜೀವ. ಕುರನೂರ ಡ್ಯಾಮಿನ ರಾಡ್ಯಾಗ ಸಿಕ್ಕಾವ. ಕೊಳತದ್ದು ತಿಂದು ಕರೆಂಟ್ ಕೊಡ್ತಾವ."

"ಹಂಗಾರ ನಮ್ಮ ಬಾವಿ ಮೋಟರ್ ನಡಸ್ರಿ ಇದರ ಮ್ಯಾಲ," ಎಂದು ಸಿದ್ಧರಾಮ ನಕ್ಕ.

"ಮೋಟರ್ ಬಿಡ್ರಿ, ಮನಿ ದೀಪಾನೂ ಹತ್ತಂಗಿಲ್ಲ. ಸಂಶೋಧನಾ ಇನ್ನಾ ನಡದದ. ಆದ್ರ ಒಳಗಿನ ಜೀವ ಬದಕ್ಯಾವೋ ಸತ್ತಾವೋ, ಅಷ್ಟು ಮಾತ್ರ ಈ ದೀಪ ಹೇಳ್ತದ."

ಅವಳು ಬಳೆ ಹಿಂದೆ ಸರಿಸಿ ಎರಡೂ ಡಬ್ಬಿಯ ರಾಡಿಯಲ್ಲಿ ಬೆರಳು ಇಳಿಸಿದಳು.

"ಆಯಿ, ನಾನೂ ಹೊರಗಾಗೀನಿ, ಇವತ್ತ ಎರಡನೇ ದಿನ."

ಅತ್ತೆ ಸೀರೆಯ ಸೆರಗು ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಶ್ರೀಲೇಖಾ ನಮ್ಮದೇ ಡಬ್ಬಿಯ ತಳದಲ್ಲಿ ಉಳಿದಿದ್ದ ಫಿನೈಲನ್ನು ಒಂದರಲ್ಲಿ ಮಾತ್ರ ಸುರಿದು, ಕಡ್ಡಿಯಿಂದ ಒಳಗಿಳಿಸಿ, ಎರಡನ್ನೂ ಹೊರಗಿನಿಂದಲೇ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟು ಹೋದಳು.

ಭಾನುವಾರ ಅತ್ತೆ ಎಷ್ಟು ಸಲ ಅಡುಗೆಮನೆಗೆ ಬಂದರೋ ಲೆಕ್ಕವಿಲ್ಲ. ಮಧ್ಯಾಹ್ನದ ಹೊತ್ತಿಗೆ ಫಿನೈಲ್ ಹಾಕಿದ ಡಬ್ಬಿಯ ದೀಪ ನಿಂತುಹೋಗಿತ್ತು. ಇನ್ನೊಂದು ಮಿಣುಕುತ್ತಲೇ ಇತ್ತು.

"ಏನರೆ ಕಳ್ಳ ಬಟನ್ ಇಟ್ಟಿರ್ತಾಳ," ಎಂದರು ಅತ್ತೆ. "ಶಹರದಾಕಿ. ಹುಡಗಿ ಮಾತ್ರ ನಾಳಿಂದ ಮನ್ಯಾಗ."

ಒಳಗೆ ಸ್ನೇಹಲ ಹೊಸ ಯೂನಿಫಾರ್ಮನ್ನು ಮಡಚಿ ಟ್ರಂಕಿನ ತಳಕ್ಕೆ ಇಡುತ್ತಿದ್ದಳು. ಅಳುತ್ತಿರಲಿಲ್ಲ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅತ್ತಿ, ಮುಂಜಾನಿ ಮಸರು ಹೆಂಗಿತ್ರಿ?"

"ಚಲೋನೇ ಇತ್ತು. ಯಾಕ?"

"ನಾ ಹೊರಗಾಗೀನಿ. ನಿನ್ನಿ ಹೆಪ್ಪ ನಾನೇ ಹಾಕೀನಿ."

ಅತ್ತೆಯ ಕೈ ಬಾಯಿಗೆ ಹೋಯಿತು.

"ನಿಮ್ಮ ಮಂಡಿ ನೋವು. ನಾ ಹೊರಗ ಕುಂತ್ರ ಮನಿ ಕೆಲಸ ಎಲ್ಲಾ ನಿಮ್ಮ ಮ್ಯಾಲ ಬರ್ತದಂತ ಒಂದ್ ತಿಂಗಳಾನೂ ಹೇಳಿಲ್ಲ. ನಾಕು ವರ್ಷ ಆತು. ಒಂದ್ ದಿನಾ ಮಸರು ಕೆಟ್ಟಿಲ್ಲ. ಹೆಪ್ಪಿನಾಗಿನ ಜೀವಕ್ಕ ನನ್ನ ವಿಟಾಳ ತಿಳಿಲಿಲ್ಲ. ಶೆಗಣ್ಯಾಗಿನ ಜೀವಕ್ಕ ಸ್ನೇಹಲಾಂದು ಹೆಂಗ ತಿಳೀತ್ರಿ? ಇವತ್ತ ಹಾಲಿಗಿ ಫಿನೈಲ್ ಹಾಕಿ ಇಡ್ತೀನಿ, ನೋಡ್ರಿ ಹೆಪ್ಪಾಗತದೇನು!"

ನಾನು ಆ ಮನೆಯಲ್ಲಿ ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

"ನಾಕು ವರ್ಷ?"

"ನಾಕು ವರ್ಷರಿ."

ಅತ್ತೆ ಮೊಸರಿನ ಗಡಿಗೆ ನೋಡಿದರು. ಮಿಣುಕುವ ದೀಪ ನೋಡಿದರು. ಆಮೇಲೆ ಹೊರಗೆ ಕಟ್ಟೆಯ ಮೇಲಿದ್ದ ಮಗನ ಕಡೆ ತಿರುಗಿದರು. "ಫಿನೈಲ್ ಸುರದಾಂವ ನೀ. ತಂಗಿ ಬೈಸಿಕೊಳ್ಳೂದು ನೋಡಕೋತ ಬಾಯಿ ಮುಚಗೊಂಡು ಹೆಂಗ ಕುಂತಿಲೇ?"

ಅವನು ಮೊಬೈಲ್ ಕೆಳಗಿಟ್ಟ.

ಸೋಮವಾರ ಸ್ನೇಹಲ ಎಸ್‌ಟಿ ಬಸ್ಸು ಹತ್ತಿದಳು. ಶ್ರೀಲೇಖಾ ಫೋನಿನಲ್ಲಿ ಹೇಳಿದಂತೆ ಸಿದ್ಧರಾಮ ಮೊದಲು ಕಾಲುವೆಯನ್ನು ಹೊರಗಿನ ಗುಂಡಿಗೆ ತಿರುಗಿಸಿದ. ಫಿನೈಲ್ ಸೇರಿದ ರಾಡಿಯನ್ನು ಬಾವಿಯಿಂದ ದೂರ ಗುಂಡಿ ತೋಡಿ ಹಾಕಿದ. ಹೊಸ ಶೆಗಣಿಯ ಜೊತೆ ಬೆರೆಸಲು, ಗ್ಯಾಸ್ ನಡೆಯುತ್ತಿರುವ ಪಕ್ಕದ ಮನೆಯಿಂದ ರಾಡಿ ಬೇಕಿತ್ತು.

"ಏನ್ ಗುರಮ್ಮಕ್ಕಾ, ಗ್ಯಾಸಿಗೂ ಹೆಪ್ಪ ಬೇಡಾಕ ಬಂದಿಯೇನ?" ಪಕ್ಕದ ಮನೆಯ ಕಲ್ಲಣ್ಣ ಗೋಡೆಯಾಚೆಯಿಂದ ನಕ್ಕ.

"ಕೊಡೋ ಮಾರಾಯಾ. ಕೆಡಿಸಿದಾಂವ ನನ್ನ ಮಗ. ಅಂವನ ತಲಿ ಮ್ಯಾಲೇ ಹೊರಸ್ತೀನಿ."

ಹೊರಿಸಿದರು ಕೂಡ.

ಇಪ್ಪತ್ತೆರಡನೆಯ ದಿನ ಡ್ರಮ್ಮು ಮೇಲೆದ್ದಿತು. ಸ್ನೇಹಲ ಶಾಲೆಯಿಂದ ಬಂದಾಗ ಚಹಾ ಗ್ಯಾಸಿನ ಮೇಲೆ ಕುದಿಯುತ್ತಿತ್ತು. ಅತ್ತೆ ಹಾಲಿನ ಗಡಿಗೆಯನ್ನು ಅವಳ ಮುಂದೆ ಸರಿಸಿದರು.

"ಕೈ ತೊಳಕೊಂಡು ಹೆಪ್ಪ ಹಾಕು."

ಎಷ್ಟನೆಯ ದಿನ ಎಂದು ಕೇಳಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಗೋಬರ್ ಗ್ಯಾಸಿನ ತೊಟ್ಟಿ ಕಸದ ಗುಂಡಿಯಲ್ಲ. ಅದರೊಳಗೆ ನಿಮಗಾಗಿ ದುಡಿಯುವ ಜೀವಗಳಿವೆ. ಫಿನೈಲು, ಆಸಿಡ್ಡು, ಬ್ಲೀಚಿಂಗ್ ಪುಡಿ, ಬಟ್ಟೆ ಒಗೆದ ಸೋಪಿನ ನೀರು ಅಲ್ಲಿಗೆ ಹೋಗಬಾರದು. ಇವತ್ತೇ ಎದ್ದು ನಿಮ್ಮ ಕೊಟ್ಟಿಗೆಯ ಕಾಲುವೆ ಎಲ್ಲಿಗೆ ಹೋಗುತ್ತದೆ ನೋಡಿ. ಗ್ಯಾಸ್ ನಿಂತರೆ ತಿಳಿದವರನ್ನು ಕರೆಸಿ ಕೇಳಿ. ಮುಟ್ಟಾದ ಹುಡುಗಿಯ ಕೈಯನ್ನು ಬೈಯುವ ಮೊದಲು, ಫಿನೈಲ್ ಡಬ್ಬಿ ಯಾರ ಕೈಯಲ್ಲಿತ್ತು ಎಂದು ಕೇಳಿ. ಆ ಕೈ ನಿಮ್ಮ ಮಗನದ್ದಾಗಿದ್ದರೂ ಕೇಳಿ.