ಯಾರೂ ತೆಗೆಯದ ಬಾಗಿಲು

ಸರ್ಕಾರದವರು ನಮ್ಮಮ್ಮನನ್ನು ಸಾಯಿಸಿದ್ದು ಒಂದು ಮೀಟಿಂಗಿನಲ್ಲಿ, ಟೀ ಕುಡಿಯುತ್ತಾ. ಅಮ್ಮನೂ ಅಲ್ಲೇ ಕುರ್ಚಿಯ ಮೇಲೆ ಕೂತಿದ್ದಳು. ರಾಷ್ಟ್ರೀಯ ಪ್ರವಾಸೋದ್ಯಮ ಅಭಿವೃದ್ಧಿ ನೀತಿ ಕೊನೆಗೂ ನಮ್ಮ ಗಲ್ಲಿಯವರೆಗೆ ಬಂದಿತ್ತು. ಪ್ರವಾಸಿಗರನ್ನು ಸಂಜೆ ಹಳೆಯ ಬೀದಿಗಳಲ್ಲಿ ನಡೆಸಬೇಕು, ನಿಂತಲ್ಲೆಲ್ಲ ಒಂದು ಕಥೆ ಹೇಳಬೇಕು ಎಂದು ಅದರಲ್ಲಿತ್ತಂತೆ. ಮೂಲೆಮನೆಗೆ ಹೇಗೋ ಒಬ್ಬ ಕವಿಯನ್ನು ಹುಡುಕಿ ಕೊಟ್ಟರು. ನಮ್ಮ ಪಾಲಿಗೆ ದೆವ್ವ ಬಂತು.

ಪೂರಾ ಸುಳ್ಳೂ ಅಲ್ಲ. ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟ ಅಕ್ಕ ತಿರುಗಿ ಬಂದಿರಲಿಲ್ಲ. ಅಪ್ಪ ತೀರಿಕೊಂಡದ್ದೂ ಅವಳಿಗೆ ಗೊತ್ತಿಲ್ಲ. ಅವಳು ಹೋದಂದಿನಿಂದ ಅಮ್ಮ ಮಹಡಿಯ ಕಿಟಕಿಯಲ್ಲಿ ದೀಪ ಹಾಕಿಡುತ್ತಿದ್ದಳು, ಬಂದರೆ ಮನೆ ಗುರುತು ಸಿಗಲಿ ಅಂತ. ಆ ದೀಪವೇ ಅಧಿಕಾರಿಯ ಕಣ್ಣಿಗೆ ಬಿದ್ದದ್ದು. ಅವನ ಕಥೆಯಲ್ಲಿ ತಾಯಿ ಮಗಳಿಗಾಗಿ ಕೊರಗಿ ಸತ್ತಳು, ಮನೆ ಖಾಲಿ ಬಿದ್ದಿದೆ, ದೀಪ ಮಾತ್ರ ತಾನಾಗಿ ಹತ್ತಿಕೊಳ್ಳುತ್ತದೆ. ನನಗೆ ಮೈಯೆಲ್ಲ ಉರಿದುಹೋಯಿತು. ಬದುಕಿರುವವಳನ್ನು ಎದುರಿಗೇ ಕೂರಿಸಿಕೊಂಡು ಇದೆಂಥ ಮಾತು ಎಂದು ಜಗಳಕ್ಕೇ ನಿಂತೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಮನೆ ಫೋಟೋ ದೂರದವರೆಗೂ ಹೋಗತ್ತಾ?"

"ದೇಶ ದೇಶಕ್ಕೆ ಹೋಗತ್ತಮ್ಮ," ಅಂದ ಅಧಿಕಾರಿ.

"ಹಾಗಾದ್ರೆ ನಾನು ಸತ್ತೆ ಅಂತಲೇ ಇಟ್ಕೊಳ್ಳಿ."

ಎಲ್ಲೋ ಇರುವ ಅಕ್ಕ ಫೋಟೋ ನೋಡಿ ಬಂದಾಳು ಎಂಬ ಆಸೆ ಅವಳದು. ಗಲ್ಲಿಗೆಲ್ಲ ಹೊಸ ಬಣ್ಣ ಬಂತು. ದೆವ್ವದ ಮನೆ ಬೆಳ್ಳಗಿರಬಾರದೆಂದು ನಮ್ಮ ಮುಂಬಾಗಿಲಿಗೆ ಒಳಗಿನ ಚಿಲಕವನ್ನೂ ಬಿಡದೆ ದಪ್ಪಗೆ ಕಪ್ಪು ಬಳಿದರು. ಇನ್ನುಮುಂದೆ ಓಡಾಟವೆಲ್ಲ ಹಿಂಬಾಗಿಲಿನಿಂದ ಎಂದು ಕಟ್ಟಪ್ಪಣೆಯಾಯಿತು.

ಮುಸ್ಸಂಜೆಗೆ ಗೈಡ್ ಜನರನ್ನು ಕರೆತಂದಾಗ ನಾವು ಉಸಿರೆತ್ತುವ ಹಾಗಿರಲಿಲ್ಲ. ಒಮ್ಮೆ ಮರೆತು ಕುಕ್ಕರ್ ಇಟ್ಟಿದ್ದೆ. ಅದು ಕೂಗಿದ್ದೇ ತಡ, ಸತ್ತ ತಾಯಿಯ ಗೋಳು ಎಂದು ಆ ಮಹರಾಯ ಬುರುಡೆ ಬಿಟ್ಟ. ಬೇಕಾದರೆ ಬಾಗಿಲು ಬಡಿದು ನೋಡಿ, ಯಾರೂ ತೆಗೆಯುವುದಿಲ್ಲ ಎಂದು ಕೊನೆಗೆ ಹೇಳುತ್ತಿದ್ದ. ದಿನಾ ಯಾರಾದರೂ ಬಡಿಯುತ್ತಿದ್ದರು. ನಾವಿಬ್ಬರೂ ಕತ್ತಲೆ ಅಡುಗೆಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿರುತ್ತಿದ್ದೆವು. ಬರಬರುತ್ತಾ ನನಗೇ ಭಯವಾಗತೊಡಗಿತು. ಬೆಳಿಗ್ಗೆ ಹಾಲಿನವನು ನನ್ನನ್ನು ನೋಡಿ ಮಾತಾಡಿಸಿದರೆ, ಇವನಿಗೆ ನಾನು ಕಾಣಿಸುತ್ತಿದ್ದೇನಲ್ಲ ಎಂದು ಸಮಾಧಾನವಾಗುತ್ತಿತ್ತು.

ಒಂದು ಸಂಜೆ ಬಾಗಿಲ ಮೇಲೆ ಅಂಗೈಯ ಎರಡು ಬಡಿತ, ಆಮೇಲೆ ಉಗುರಿನಿಂದ ಗೀರಿದ ಸದ್ದು. ಚಿಕ್ಕಂದಿನಿಂದ ಅಕ್ಕ ಬಡಿಯುತ್ತಿದ್ದದ್ದು ಹೀಗೆ. ಬಣ್ಣ ಕೆರೆದು ಹಾಳು ಮಾಡುತ್ತೀಯ ಎಂದು ಅಪ್ಪನ ಹತ್ತಿರ ಬೈಸಿಕೊಳ್ಳುತ್ತಿದ್ದಳು.

ಅಮ್ಮ ಎದ್ದು ಓಡಿದಳು, ಹಿಂದೆ ನಾನು. ಚಿಲಕ ಬಣ್ಣದಲ್ಲಿ ಕಚ್ಚಿಕೊಂಡಿತ್ತು. ಎಷ್ಟು ಎಳೆದರೂ ಅಲುಗಲಿಲ್ಲ. ಆ ಗಾಬರಿಯಲ್ಲಿ ಹಿಂಬಾಗಿಲಿನ ನೆನಪೂ ಆಗಲಿಲ್ಲ. ಕೂಗೋಣವೆಂದರೆ ಅಷ್ಟು ದಿನ ಸುಮ್ಮನಿದ್ದು ಕಲಿತ ಗಂಟಲಿನಿಂದ ಇಬ್ಬರಿಗೂ ಸ್ವರವೇ ಹೊರಡಲಿಲ್ಲ. ನಾನು ಕುಟ್ಟಾಣಿ ತಂದು ಚಿಲಕಕ್ಕೆ ಜಜ್ಜಿದೆ. ಆ ಸದ್ದಿಗೆ ಹೊರಗಿನವರು ಕಿರುಚಿಕೊಂಡರು. ಬಾಗಿಲು ತೆರೆದಾಗ ಅಮ್ಮನನ್ನು ಕಂಡು ಮತ್ತೊಮ್ಮೆ ಕಿರುಚಿ, ನಕ್ಕು, ಮೊಬೈಲ್ ಎತ್ತಿ ಹಿಡಿದರು. ಅವರಲ್ಲಿ ಅಕ್ಕ ಇರಲಿಲ್ಲ.

ಹಿಂದೆ ನಿಂತಿದ್ದ ಒಬ್ಬ ಹೆಂಗಸು ತಾಯಿ ಯಾವಾಗ ತೀರಿಕೊಂಡರು ಎಂದು ಕೇಳಿದ್ದಳಂತೆ. ಮಗಳು ಮನೆ ಬಿಟ್ಟ ವರ್ಷವೇ ಎಂದು ಗೈಡ್ ಬಾಯಿಪಾಠ ಒಪ್ಪಿಸಿದ್ದ. ಅವಳು ಬಾಗಿಲು ಬಡಿದು, ಸ್ವಲ್ಪ ಹೊತ್ತು ಕಾದು, ಮುಖ ಮುಚ್ಚಿಕೊಂಡು ಹೊರಟುಹೋದಳಂತೆ. ನಾನು ಬಸ್‌ಸ್ಟ್ಯಾಂಡಿನವರೆಗೂ ಬರಿಗಾಲಲ್ಲಿ ಓಡಿದೆ. ಸಿಗಲಿಲ್ಲ. ಬಾಗಿಲ ಕಪ್ಪು ಬಣ್ಣದ ಮೇಲೆ ಉಗುರಿನ ಗೆರೆ ಹಾಗೇ ಇದೆ.

ಈಗ ಅಮ್ಮ ಸಂಜೆಯಾದರೆ ಬಾಗಿಲು ತೆರೆದಿಟ್ಟು ಹೊಸ್ತಿಲ ಬಳಿ ನಿಲ್ಲುತ್ತಾಳೆ. ಬಂದವರ ಕೈಹಿಡಿದು, "ನಾನು ಸತ್ತಿಲ್ಲ. ನನ್ನ ಮಗಳು ಎಲ್ಲಾದ್ರೂ ಸಿಕ್ಕಿದ್ರೆ ಹೇಳಿ," ಅನ್ನುತ್ತಾಳೆ. ಅಧಿಕಾರಿಗೆ ಇದು ಬಹಳ ಹಿಡಿಸಿದೆ, ಇನ್ನೂ ಸ್ವಲ್ಪ ನಿಧಾನವಾಗಿ ಹೇಳಲಿ ಎಂದು ಹೇಳಿಕಳಿಸಿದ್ದಾನೆ.

ಜನ ಚಪ್ಪಾಳೆ ತಟ್ಟುತ್ತಾರೆ.